ಕೊರಮೀನಿಗೆ ಬೇಕಾದ ಹಳ್ಳದ ಅಗಲ

ಹಿರೇಹಡಗಲಿಯ ಸೀಮೆಯಲ್ಲಿ ಹಳ್ಳವೆಂದರೆ ವರ್ಷದ ಬಹುಭಾಗ ಒಣಗಿ ಬಿದ್ದ ಮರಳಿನ ಹಾದಿ. ಮಸಾರಿ ದಿಬ್ಬಗಳಿಂದ ಇಳಿದು, ಎರೆಯ ಬಯಲನ್ನು ಬಳಸಿ, ಪಡುವಣಕ್ಕಿರುವ ತುಂಗಭದ್ರೆಯನ್ನು ಸೇರತಕ್ಕ ಈ ಕಿರುಜಲಮಾರ್ಗಗಳು ಮಾಘ ಫಾಲ್ಗುಣಗಳ ವೇಳೆಗೆ ಅಲ್ಲೊಂದು ಇಲ್ಲೊಂದು ಮಡುವನ್ನು ಮಾತ್ರ ಉಳಿಸಿಕೊಂಡು ಅದೃಶ್ಯವಾಗುತ್ತವೆ. ಬೇಸಗೆ ಬಲಿತಂತೆ ಆ ಮಡುಗಳೂ ದನಗಳ ಗೊರಸಿಗೆ ಸಿಕ್ಕಿ ಕೆಸರಾಗುತ್ತವೆ. ಇಂಥ ನೆಲದಲ್ಲಿ ಮೀನಿನ ಮಾತೆತ್ತುವುದು ಅಸಂಗತವೆಂದು ಹೊರಗಿನವರಿಗೆ ತೋರಬಹುದು. ಆದರೆ ಮೃಗಶಿರೆಯ ಮಳೆ ಸುರಿದು ಹಳ್ಳ ಕೆಂಪಗೆ ಹರಿದ ಕೆಲವೇ ದಿನಗಳಲ್ಲಿ, ನಿನ್ನೆಯವರೆಗೆ ಧೂಳಿದ್ದ ತಗ್ಗಿನಲ್ಲಿ ಮೀನು ಹೊರಳುವುದನ್ನು ಇಲ್ಲಿಯ ಜನ ತಲೆಮಾರುಗಳಿಂದ ಕಂಡಿದ್ದಾರೆ. ಮಳೆಯೊಡನೆ ಮೀನೂ ಆಕಾಶದಿಂದ ಉದುರುವುದೆಂಬ ನಂಬಿಕೆ ಹುಟ್ಟಿದ್ದು ಈ ಸೋಜಿಗದಿಂದಲೇ. ವಾಸ್ತವದಲ್ಲಿ ಅವು ಬರುವ ದಾರಿ ಎರಡು. ಪಕ್ಕೆ ಮೊದಲಾದ ಗೆಂಡೆಯ ಬಳಗದ ಮೀನುಗಳು ಹೊಸನೀರಿನ ವಾಸನೆಯನ್ನರಿತು, ಮೊಟ್ಟೆಯಿಡುವುದಕ್ಕಾಗಿ ನದಿಯಿಂದ ಪ್ರವಾಹಕ್ಕೆ ಎದುರಾಗಿ ಏರಿ ಬರುತ್ತವೆ. ಮಲೆನಾಡಿನವರು ಹತ್ತುಮೀನು ಎನ್ನುವುದು ಇಂಥವನ್ನೇ. ಇನ್ನು ಕೆಲವು ಎಲ್ಲಿಂದಲೂ ಬರುವುದಿಲ್ಲ, ಹಳ್ಳವನ್ನು ಬಿಟ್ಟು ಹೋಗಿಯೇ ಇರುವುದಿಲ್ಲ. ಈ ಎರಡನೆಯ ವರ್ಗದ ಅಗ್ರಗಣ್ಯ ಪ್ರಾಣಿ ಕೊರಮೀನು.

ಹಾವಿನದನ್ನು ಹೋಲುವ ಚಪ್ಪಟೆ ತಲೆ, ಉದ್ದನೆಯ ದುಂಡು ಮೈ, ಬೆನ್ನಿನುದ್ದಕ್ಕೂ ಒಂದೇ ಸಮನೆ ಹರಿದ ಈಜುರೆಕ್ಕೆ, ಇವಿಷ್ಟು ಅದರ ಹೊರಗಿನ ಲಕ್ಷಣಗಳು. ಶಾಸ್ತ್ರಜ್ಞರು ಇಟ್ಟ ಹೆಸರು ಚನ್ನಾ ಸ್ಟ್ರಯೇಟಾ. ಅದರ ಮಹತ್ತ್ವವಿರುವುದು ಕಿವಿರುಗಳ ಮೇಲ್ಭಾಗದಲ್ಲಿ ಅಡಗಿರುವ ಒಂದು ಕುಹರದಲ್ಲಿ. ರಕ್ತನಾಳಗಳು ದಟ್ಟವಾಗಿ ಹೆಣೆದುಕೊಂಡಿರುವ ತೆಳುಪೊರೆಯ ಮಡಿಕೆಗಳಿಂದ ಕೂಡಿದ ಈ ಕುಹರ ಒಂದು ಬಗೆಯ ಶ್ವಾಸಕೋಶವೇ ಸರಿ. ಕೊರಮೀನು ಆಗಾಗ್ಗೆ ಮೇಲೆದ್ದು ಬಾಯ್ತುಂಬ ಗಾಳಿಯನ್ನು ನುಂಗಿ, ಅದರೊಳಗಿನ ಆಮ್ಲಜನಕವನ್ನು ಇಲ್ಲಿ ಹೀರಿಕೊಳ್ಳುತ್ತದೆ. ಈ ಅಭ್ಯಾಸ ಅದಕ್ಕೆ ಎಷ್ಟು ಅನಿವಾರ್ಯವೆಂದರೆ, ಬಲೆಯಲ್ಲಿ ಸಿಕ್ಕಿ ಮೇಲಕ್ಕೆ ಬರಲಾಗದಿದ್ದರೆ ಮೀನಾಗಿಯೂ ಅದು ನೀರಿನಲ್ಲಿ ಮುಳುಗಿ ಸಾಯುತ್ತದೆ. ನೀರು ಬಿಸಿಯಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಕುಗ್ಗುವುದು ಪ್ರಕೃತಿನಿಯಮ: 20 ಡಿಗ್ರಿ ಸೆಲ್ಸಿಯಸ್‌ನ ಲೀಟರು ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದಾದರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ, ಕೊಳೆತ ಎಲೆಯೂ ಸೆಗಣಿಯೂ ಸೇರಿದ ಬೇಸಗೆಯ ಮಡುವಿನಲ್ಲಂತೂ ಇನ್ನೂ ಕಡಮೆ. ಉಳಿದ ಮೀನುಗಳು ಹೊಟ್ಟೆ ಮೇಲಾಗಿ ತೇಲುವ ಆ ಮಡುವಿನಲ್ಲಿ ಕೊರಮೀನು ಬದುಕುತ್ತದೆ. ಮಡುವೂ ಬತ್ತಿದರೆ ಹಸಿ ಕೆಸರಿನೊಳಗೆ ಹುದುಗಿ, ಮೈಯ ತೇವ ಆರದಿರುವಷ್ಟು ಕಾಲ ಮಳೆಗಾಗಿ ಕಾಯುತ್ತದೆ.

ಇಷ್ಟು ಸಹಿಷ್ಣುವಾದ ಜೀವಿಗೆ ಹಳ್ಳದ ಸ್ಥಿತಿ ಕೆಟ್ಟರೇನು, ಸುಧಾರಿಸಿದರೇನು ಎಂದು ಕೇಳಬಹುದು. ಕಷ್ಟವಿರುವುದು ಅದರ ಸಂತಾನಕ್ಕೆ. ಮಳೆಗಾಲದಲ್ಲಿ ಗಂಡುಹೆಣ್ಣುಗಳೆರಡೂ ಹಳ್ಳದ ಹರಿವನ್ನು ಬಿಟ್ಟು, ನೀರು ದಡ ಮೀರಿ ನಿಂತ ಮೊಣಕಾಲಾಳದ ತಗ್ಗನ್ನು ಅರಸಿ ಹೋಗುತ್ತವೆ. ಅಲ್ಲಿ ಜೇಕು ಹುಲ್ಲುಗಳನ್ನು ಕಿತ್ತು ಸರಿಸಿ ದುಂಡಗಿನ ಬಯಲೊಂದನ್ನು ಮಾಡಿಕೊಂಡು ಮೊಟ್ಟೆಯಿಡುತ್ತವೆ. ಒಳಗೆ ಎಣ್ಣೆಯ ಹನಿಯುಳ್ಳ ಆ ಹೊಂಬಣ್ಣದ ಮೊಟ್ಟೆಗಳು ತಳಕ್ಕೆ ಇಳಿಯದೆ ಮೇಲೆಯೇ ತೇಲಿ, ಒಂದೆರಡು ದಿನಗಳಲ್ಲಿ ಒಡೆಯುತ್ತವೆ. ಮರಿಗಳ ಹಿಂಡು ನೀರಿನಲ್ಲಿ ಕುಂಕುಮ ಕದಡಿದಂತೆ ಕೆಂಪಾಗಿ ಒಟ್ಟೊಟ್ಟಿಗೆ ಏಳುವುದೂ ಮುಳುಗುವುದೂ ಉಂಟು. ಅದರ ಅಡಿಯಲ್ಲಿ ತಾಯಿತಂದೆಗಳು, ವಿಶೇಷವಾಗಿ ಗಂಡು, ಹಲವು ವಾರ ಕಾವಲು ತಿರುಗುತ್ತ, ಸಮೀಪಕ್ಕೆ ಬಂದ ಕಪ್ಪೆಯನ್ನೂ ಬೇರೆ ಮೀನನ್ನೂ ಅಟ್ಟುತ್ತವೆ. ಈ ಕೆಂಪನ್ನೇ ಗುರುತುಮಾಡಿಕೊಂಡು ಕಾವಲಿನ ಮೀನನ್ನು ಹಿಡಿಯುವವರಿದ್ದಾರೆ. ಹಾಗೆ ಹಿಡಿದ ಒಂದು ಮೀನಿನೊಡನೆ ಅನಾಥವಾಗಿ ನಾಶವಾಗುವ ಮರಿಗಳು ಸಾವಿರಾರು. ಈಗ ವಿಚಾರಿಸಿ ನೋಡಿ: ತೇಲುವ ಮೊಟ್ಟೆಯನ್ನು ಎರಡು ಕಡೆಯೂ ಗೋಡೆಯಂತೆ ಕಡಿದ ನೇರವಾದ ಕಾಲುವೆಯಲ್ಲಿ ಇಟ್ಟರೆ ಗತಿಯೇನು? ಒಂದೇ ಮಳೆಗೆ ಅದು ತುಂಗಭದ್ರೆಯ ಪಾಲು. ಪ್ರೌಢಮೀನಿಗೆ ಮಡು ಸಾಕು. ಮರಿಗೆ ಹಳ್ಳದ ಅಗಲ ಬೇಕು.

ಈ ಅಗಲವೆಂಬುದು ಬರಿಯ ಸ್ಥಳಾವಕಾಶವಲ್ಲ. ಪ್ರವಾಹ ದಡ ಮೀರಿ ಬಯಲಿಗೆ ಹರಡಿದೊಡನೆಯೆ ಅದರ ವೇಗ ಇಳಿಯುತ್ತದೆ. ವೇಗ ಇಳಿದಲ್ಲಿ ಹೊತ್ತು ತಂದ ರೇವೆ ತಳಕ್ಕೆ ಕೂರುತ್ತದೆ, ನೀರು ತಿಳಿಯಾಗಿ ಬಿಸಿಲು ಒಳಹೊಗುತ್ತದೆ. ಬೇಸಗೆಯಲ್ಲಿ ಬಿದ್ದಿದ್ದ ಹುಲ್ಲು, ಎಲೆ, ಸೆಗಣಿಗಳು ನೆನೆದು ಕೊಳೆತು ಪೋಷಕಾಂಶಗಳನ್ನು ಬಿಡಲು, ಪಾಚಿ ಹುಟ್ಟುತ್ತದೆ. ಒಣಮಣ್ಣಿನಲ್ಲಿ ಸುಪ್ತವಾಗಿ ಮಲಗಿದ್ದ ನೀರುಚಿಗಟಗಳ ಮೊಟ್ಟೆಗಳು ಒದ್ದೆಯಾದ ಕೆಲವೇ ದಿನಗಳಲ್ಲಿ ಒಡೆದು, ಆ ಪಾಚಿಯನ್ನು ಮೇದು ಅಸಂಖ್ಯವಾಗಿ ಬೆಳೆಯುತ್ತವೆ. ಮೀನಿನ ಮರಿ ಬಾಯಿ ಬಿಡುವ ಹೊತ್ತಿಗೆ ಅದರ ಬಾಯಿಗೆ ಹಿಡಿಸುವಷ್ಟೇ ಗಾತ್ರದ ಆಹಾರ ಸುತ್ತಲೂ ಸಿದ್ಧವಾಗಿರುತ್ತದೆ. ಅಮೆಜಾನ್, ಮಿಸಿಸಿಪಿ ಮುಂತಾದ ಮಹಾನದಿಗಳನ್ನು ಅಭ್ಯಸಿಸಿ ಯುಂಕ್, ಬೇಲಿ, ಸ್ಪಾರ್ಕ್ಸ್ ಎಂಬ ಮೂವರು ವಿಜ್ಞಾನಿಗಳು 1989ರಲ್ಲಿ ಪ್ರತಿಪಾದಿಸಿದ ಪ್ರವಾಹಸ್ಪಂದನದ ಸಿದ್ಧಾಂತದ ತಿರುಳು ಇದೇ: ನದಿಯ ಜೀವಸಂಪತ್ತು ಮುಖ್ಯವಾಗಿ ಉತ್ಪನ್ನವಾಗುವುದು ಅದರ ನಡುಧಾರೆಯಲ್ಲಲ್ಲ, ಏರಿ ಇಳಿಯುವ ನೀರು ಮುಟ್ಟಿಬಿಡುವ ಅಂಚಿನಲ್ಲಿ. ಇದರ ಪ್ರತ್ಯಕ್ಷ ನಿದರ್ಶನಕ್ಕೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೆ ಹೋಗಬಹುದು. ನೀರಿನಲ್ಲಿ ನಿಂತ ಕರಿಜಾಲಿ ಮರಗಳು, ಆಳವಿಲ್ಲದ ಅಂಚುಗಳು, ಮೀನು, ಮೀನಿಗಾಗಿ ಬಂದು ಮರದಲ್ಲಿ ಗೂಡು ಕಟ್ಟಿದ ಬಕಪಕ್ಷಿಗಳು ಇವೆಲ್ಲ ಕೂಡಿದ ಆ ಪಕ್ಷಿಧಾಮ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು.

ನಮ್ಮ ಹಳ್ಳಗಳು ಈ ಅಂಚನ್ನು ಕಳೆದುಕೊಂಡಿರುವುದು ಹಲವು ಕೈಗಳಿಂದ. ದಡದವರೆಗೂ ನೇಗಿಲು ಬಂದಿತು. ಬದುವಿಲ್ಲದ ಹೊಲಗಳ ಮಣ್ಣು ಪಾತ್ರಕ್ಕೆ ಇಳಿಯಿತು. ಮರಳನ್ನು ಲಾರಿಗಳು ಹೊತ್ತವು. ಉಳಿದ ಜಾಗವನ್ನು ಬಳ್ಳಾರಿ ಜಾಲಿ ಆಕ್ರಮಿಸಿತು. 1953ರಲ್ಲಿ ಮುಗಿದ ತುಂಗಭದ್ರಾ ಜಲಾಶಯ ಮೊದಲಿಗೆ ಹಿಡಿಯುತ್ತಿದ್ದುದು ಸುಮಾರು 133 ಟಿಎಂಸಿ ನೀರು, ಈಗ ಹಿಡಿಯುವುದು 105ರ ಆಸುಪಾಸು. ನಡುವಿನ ಅಂತರವೆಲ್ಲ ಹೂಳು. ಸಹಸ್ರಾರು ಹಳ್ಳಗಳು ತಮ್ಮ ಬಯಲಿನಲ್ಲಿ ಇಳಿಸಬೇಕಾಗಿದ್ದ ರೇವೆಯಲ್ಲಿ ಒಂದು ಪಾಲು ಅಲ್ಲಿ ಹೋಗಿ ಕುಳಿತಿದೆ.

ಹೊಳೆಯ ಆಚೆ ದಡದ ಕೊಪ್ಪಳ ನಾಡಿನಲ್ಲಿ ಒಂದು ಹಳ್ಳಕ್ಕೆ ಒಳ್ಳೆಯ ಕಾಲ ಬಂದದ್ದನ್ನು ಇಲ್ಲಿ ಸ್ಮರಿಸಲೇಬೇಕು. ತುಂಗಭದ್ರೆಯ ಉಪನದಿಯಾದ ಹಿರೇಹಳ್ಳ ಜಾಲಿಯಿಂದಲೂ ಆಪಿನಿಂದಲೂ ಕಸದಿಂದಲೂ ಮುಚ್ಚಿಹೋಗಿದ್ದಾಗ, 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ತಾವೇ ಹಳ್ಳಕ್ಕಿಳಿದು ಕರೆಕೊಡಲು, ಹಳ್ಳಿಹಳ್ಳಿಯ ಜನ ನೆರೆದು 20 ಕಿಲೋಮೀಟರಿಗೂ ಮೀರಿದ ಪಾತ್ರವನ್ನು ಶುದ್ಧಗೊಳಿಸಿದರು. ಮೃತವೆಂದು ಕೈಬಿಟ್ಟಿದ್ದ ಹಳ್ಳವೂ ತಮ್ಮದೆಂಬ ಭಾವ ಜನರಲ್ಲಿ ಮರಳಿ ಹುಟ್ಟಿದ್ದೇ ಆ ಕಾರ್ಯದ ಪರಮಲಾಭವೆಂದು ನಾನು ತಿಳಿದಿದ್ದೇನೆ. ಅಂಥ ಉತ್ಸಾಹ ಹಡಗಲಿಯ ಹಳ್ಳಗಳಿಗೂ ಹಬ್ಬಲಿ. ಹಬ್ಬಿದಾಗ ಜೆಸಿಬಿಯ ಚಾಲಕನ ಪಕ್ಕದಲ್ಲಿ ಮೀನಿನ ಜೀವನವನ್ನು ಬಲ್ಲವರೊಬ್ಬರು ನಿಂತಿರಲಿ. ಏತಕ್ಕೆಂದರೆ, ಹೂಳೆತ್ತುವ ಯಂತ್ರಕ್ಕೆ ಸುಲಭವಾದದ್ದು ನೇರ ಗೆರೆ. ಮೀನಿಗೆ ಅದೇ ವಿಪತ್ತು.

ನೇರ ಗೆರೆಯ ಬೆಲೆಯನ್ನು ಅಮೆರಿಕದ ಫ್ಲಾರಿಡಾ ಪ್ರಾಂತ ಕೊಟ್ಟು ಕಲಿಯಿತು. ಅಲ್ಲಿಯ ಕಿಸಿಮ್ಮಿ ನದಿ 166 ಕಿಲೋಮೀಟರು ಬಳಸಿ ಬಳಸಿ ಹರಿಯುತ್ತಿತ್ತು. ನೆರೆಯ ಭಯದಿಂದ 1962 ಮತ್ತು 1971ರ ನಡುವೆ ಅದನ್ನು 90 ಕಿಲೋಮೀಟರಿನ ಆಳವಾದ ಕಾಲುವೆಯಾಗಿ ನೆಟ್ಟಗೆ ಮಾಡಿದರು. ಬಯಲು ಒಣಗಿತು, ಕಾಲುವೆಯ ನೀರಿನಲ್ಲಿ ಆಮ್ಲಜನಕ ಕುಗ್ಗಿತು, ಮೀನೂ ನೀರುಹಕ್ಕಿಯೂ ಕ್ಷೀಣಿಸಿದವು. ತಾವು ತೋಡಿದ್ದನ್ನು ತಾವೇ ಮುಚ್ಚಲು 1999ರಲ್ಲಿ ತೊಡಗಿ, ಸುಮಾರು 35 ಕಿಲೋಮೀಟರು ಕಾಲುವೆಯನ್ನು ತುಂಬಿ, 2021ರಲ್ಲಿ ಕೆಲಸ ಪೂರೈಸಿದರು. ಹಳೆಯ ತಿರುವುಗಳಲ್ಲಿ ನೀರು ಹರಿದೊಡನೆ ಆಮ್ಲಜನಕ ಏರಿತು. ಮೀನುಗಳೂ ಹಕ್ಕಿಗಳೂ ಮರಳಿದವು.

ನಮ್ಮಲ್ಲಿ ಅಷ್ಟು ಮಹತ್ಕಾರ್ಯದ ಅಗತ್ಯವಿಲ್ಲ. ಹಳ್ಳದ ತಿರುವುಗಳನ್ನು ತಿದ್ದದೆ, ತಿರುವಿನ ಹೊರಮಗ್ಗುಲಲ್ಲಿ ನೀರೇ ಕೊರೆದ ಮಡುಗಳನ್ನು ಆಳವಾಗಿಯೇ ಉಳಿಸಿ, ಒಳಮಗ್ಗುಲ ದಡವನ್ನು ದನ ಇಳಿಯುವಷ್ಟು ಇಳಿಜಾರಾಗಿ ತೆರೆದುಬಿಟ್ಟರೆ ಅರ್ಧ ಕೆಲಸವಾಯಿತು. ಜಾಲಿಯನ್ನು ಒಮ್ಮೆಲೇ ಬೋಳಿಸಿದರೆ ದಡ ಕುಸಿಯುವುದರಿಂದ, ತುಂಡುತುಂಡಾಗಿ ಕಿತ್ತು ಆ ಸ್ಥಳದಲ್ಲಿ ಹೊಂಗೆ, ಲಕ್ಕಿ, ಹೊಳೆಮತ್ತಿಗಳನ್ನು ಬೇರೂರಿಸಬೇಕು. ಮಡುವಿನ ಮೇಲೆ ಬೀಳುವ ನೆರಳು ಬೇಸಗೆಯ ನೀರನ್ನು ತಂಪಾಗಿಡುತ್ತದೆ. ಚೆಕ್ ಡ್ಯಾಮುಗಳ ವಿಷಯ ಸ್ವಲ್ಪ ಸೂಕ್ಷ್ಮ. ಅಂತರ್ಜಲಕ್ಕೆ ಅವು ಉಪಕಾರಿ, ಆದರೆ ಆಳೆತ್ತರದ ನೆಟ್ಟನೆಯ ಗೋಡೆಯನ್ನು ಪಕ್ಕೆಮೀನು ಏರಲಾರದು. ಗೋಡೆಯ ಕೆಳಗೆ ಗುಂಡುಕಲ್ಲುಗಳನ್ನು ಇಪ್ಪತ್ತು ಅಡಿಗೆ ಒಂದು ಅಡಿ ಏರುವ ಇಳಿಜಾರಾಗಿ ಜೋಡಿಸಿ, ಮೇಲ್ಗಡೆ ಒಂದು ಕಿರಿಯ ಕಂಡಿಯನ್ನು ಬಿಟ್ಟರೆ, ಕಲ್ಲಿನ ಮರೆಯಲ್ಲಿ ತಂಗಿ ತಂಗಿ ಮೀನು ಮೇಲೇರುತ್ತದೆ.

ಉಳಿದಿರುವುದು ಭೂಮಿಯ ಪ್ರಶ್ನೆ. ಎಲ್ಲಕ್ಕಿಂತ ಕಠಿನವಾದದ್ದೂ ಅದೇ. ಫ್ಲಾರಿಡಾದವರು ಒಂದು ಲಕ್ಷ ಎಕರೆಗೂ ಮಿಗಿಲಾದ ನೆಲವನ್ನು ಕೊಂಡರು. ನಮ್ಮ ದಡದ ರೈತನ ಎರಡೆಕರೆಯನ್ನು ಕೊಂಡು ಅವನನ್ನು ಎಬ್ಬಿಸುವುದು ನ್ಯಾಯವಲ್ಲ, ಅವಶ್ಯಕವೂ ಅಲ್ಲ. ಕೊರಮೀನಿಗೆ ಆ ತಗ್ಗು ಬೇಕಾಗಿರುವುದು ಆರಿದ್ರೆಯಿಂದ ಹುಬ್ಬೆಯ ಮಳೆಯವರೆಗೆ ಮಾತ್ರ. ಆ ವೇಳೆಗೆ ಮರಿ ಬಲಿತು ಇಳಿಯುವ ನೀರಿನೊಡನೆ ಮಡುವಿಗೆ ಸರಿದಿರುತ್ತದೆ, ಹೊಸ ರೇವೆಯನ್ನು ಹೊದ್ದ ಎರೆನೆಲ ಹಿಂಗಾರಿ ಜೋಳಕ್ಕೆ ಹದವಾಗಿರುತ್ತದೆ. ತುಂಗಭದ್ರೆಯ ಹಿನ್ನೀರು ಇಳಿದ ನೆಲದಲ್ಲಿ ಬಿತ್ತಿ ಬೆಳೆಯುವ ರೂಢಿ ಈ ಸೀಮೆಗೆ ಹೊಸದೇನೂ ಅಲ್ಲ. ಮುಂಗಾರಿನ ಬೆಳೆಯೊಂದನ್ನು ದಡದ ಪಟ್ಟಿಯಲ್ಲಿ ಬಿಟ್ಟುಕೊಟ್ಟ ರೈತನಿಗೆ ಆ ಬೆಳೆಯ ಬೆಲೆಯನ್ನು ವರ್ಷವರ್ಷವೂ ತಪ್ಪದೆ ತುಂಬಿಕೊಡುವ ಏರ್ಪಾಟನ್ನು ಪಂಚಾಯತಿ ಮಾಡಬೇಕು. ಹೂಳೆತ್ತುವ ಅಂದಾಜುಪಟ್ಟಿಯಲ್ಲಿ ಯಂತ್ರದ ಬಾಡಿಗೆಗೆ ಮೊದಲು ಬರೆಯತಕ್ಕ ಬಾಬು ಅದು.