ಒಂದೇ ಬರಹ, ಎರಡು ಮುದ್ರಣ

ಪರೀಕ್ಷೆ ಹತ್ತಿರ ಬಂದಂತೆ ನೋಟ್ಸ್‌ಗಳು ಕೈಯಿಂದ ಕೈಗೆ ಓಡಾಡುತ್ತವೆ. ಒಬ್ಬರು ಟೈಪ್ ಮಾಡಿದ ಫೈಲ್ ಮತ್ತೊಬ್ಬರ ಕಂಪ್ಯೂಟರಿನಲ್ಲಿ ತೆರೆದಾಗ ಅಕ್ಷರಗಳು ಬದಲಾಗಿ, ಸಾಲುಗಳು ಜಾರಿರುತ್ತವೆ. ಅದನ್ನೇ ಜೆರಾಕ್ಸ್ ಮಾಡಿಸಿದರೆ ಓದುವುದೇ ಕಷ್ಟ. ನಮ್ಮ ಓದಿನ ಗುಂಪಿಗೆ ರಸಾಯನಶಾಸ್ತ್ರದ ಟಿಪ್ಪಣಿ ಸಿದ್ಧಪಡಿಸುವ ಕೆಲಸ ನನ್ನದು. ಅದಕ್ಕೆ ನಾನು ಬಳಸುವುದು ಮಾರ್ಕ್‌ಡೌನ್ ಎಂಬ ಸರಳ ವಿಧಾನ.

2004ರಲ್ಲಿ ಜಾನ್ ಗ್ರೂಬರ್ ಇದನ್ನು ಹೊರತಂದರು. ಇದಕ್ಕೆ ಬೇಕಾದದ್ದು ನೋಟ್‌ಪ್ಯಾಡ್ ಮಾತ್ರ, ಮೊಬೈಲಿನಲ್ಲೂ ಬರೆಯಬಹುದು. ಸಾಲಿನ ಮೊದಲಿಗೆ # ಹಾಕಿ, ಸ್ವಲ್ಪ ಜಾಗ ಬಿಟ್ಟು ಬರೆದರೆ ಅದು ಶೀರ್ಷಿಕೆ. ## ಹಾಕಿದರೆ ಉಪಶೀರ್ಷಿಕೆ. ಪದದ ಎರಡೂ ಬದಿಗೆ  ಎರಡೆರಡು ನಕ್ಷತ್ರ ಚಿಹ್ನೆ ಇಟ್ಟರೆ ದಪ್ಪ ಅಕ್ಷರ. ಸಾಲುಗಳ ಆರಂಭದಲ್ಲಿ - ಇಟ್ಟರೆ ಪಟ್ಟಿ. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಆಗ ಯಾರ ಫೋನಿನಲ್ಲಿ ತೆರೆದರೂ ಅಕ್ಷರ ಕೆಡುವುದಿಲ್ಲ.

ಈ ಫೈಲನ್ನು ಅಂದವಾದ ಪುಟವಾಗಿಸುವುದು ಪ್ಯಾನ್‌ಡಾಕ್ ಎಂಬ ಉಚಿತ ತಂತ್ರಾಂಶ. ಇದನ್ನು ರಚಿಸಿದ ಜಾನ್ ಮ್ಯಾಕ್‌ಫರ್ಲೇನ್ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು ಎಂಬುದು ನನಗೆ ಇಷ್ಟವಾದ ಸಂಗತಿ. ಪ್ಯಾನ್‌ಡಾಕ್‌ಗೆ ಒಂದು ಮಾದರಿ ವರ್ಡ್ ಫೈಲ್ ತೋರಿಸಿದರೆ, ಅದರಲ್ಲಿರುವ ಬರಹವನ್ನು ಬಿಟ್ಟು ಅಂಚು, ಫಾಂಟ್, ಶೀರ್ಷಿಕೆಯ ಗಾತ್ರಗಳನ್ನಷ್ಟೇ ತೆಗೆದುಕೊಂಡು ನಮ್ಮ ಟಿಪ್ಪಣಿಗೆ ತೊಡಿಸುತ್ತದೆ. ಹೀಗೆ ಸಿಕ್ಕ ಫೈಲನ್ನು ಲಿಬ್ರೆಆಫೀಸ್‌ನಲ್ಲಿ ತೆರೆದು ಪಿಡಿಎಫ್ ಮಾಡಿದರೆ ಮುದ್ರಣಕ್ಕೆ ಸಿದ್ಧ.

ಮಾದರಿ ಫೈಲ್ ಮಾಡುವಾಗ ನಾನು ಪಾಲಿಸುವ ನಿಯಮಗಳು ಇವು:

- ಎ4 ಹಾಳೆ, ಸುತ್ತಲೂ 2 ಸೆಂ.ಮೀ. ಅಂಚು.
- ಒಂದೇ ಫಾಂಟ್. ನೋಟೋ ಸೆರಿಫ್ ಕನ್ನಡ ಉಚಿತವಾಗಿ ಸಿಗುತ್ತದೆ.
- ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಷ್ಟು ಸಾಲಿನ ಅಂತರ.
- ಬಣ್ಣ ಬೇಡ. ಜೆರಾಕ್ಸ್‌ನಲ್ಲಿ ಅದು ಮಸುಕಾಗುತ್ತದೆ.

ನಾನು ಎರಡು ಮಾದರಿಗಳನ್ನು ಇಟ್ಟುಕೊಂಡಿದ್ದೇನೆ. ಒಂದರಲ್ಲಿ ಅಕ್ಷರ 11 ಪಾಯಿಂಟ್, ಇನ್ನೊಂದರಲ್ಲಿ 18. ನಮ್ಮ ಗುಂಪಿನ ಒಬ್ಬ ಗೆಳತಿಗೆ ದೃಷ್ಟಿ ಮಂದ. ಮೊದಲೆಲ್ಲ ಯಾರಾದರೂ ಓದಿ ಹೇಳುವವರೆಗೆ ಅವಳು ಕಾಯಬೇಕಿತ್ತು. ಈಗ ಅದೇ ಬರಹವನ್ನು ಎರಡನೆಯ ಮಾದರಿಯಲ್ಲಿ ಮುದ್ರಿಸಲು ನನಗೆ ಹಿಡಿಯುವುದು ಒಂದೇ ನಿಮಿಷ. ಟಿಪ್ಪಣಿ ಎಲ್ಲರಿಗೂ ಸಿಗುವ ದಿನವೇ ಅವಳ ಕೈಗೂ ಸೇರುತ್ತದೆ.

ಬರೆಯುವಾಗ ವಿಷಯದ ಕಡೆ ಗಮನವಿರಲಿ, ಅಂದದ ಕೆಲಸ ಮಾದರಿ ಫೈಲಿಗಿರಲಿ. ನಿಮ್ಮ ಮುಂದಿನ ಟಿಪ್ಪಣಿಯನ್ನು ಹೀಗೊಮ್ಮೆ ಬರೆದು ನೋಡಿ. ದೊಡ್ಡಕ್ಷರದ ಪ್ರತಿ ಯಾರಿಗಾದರೂ ಬೇಕೇ ಎಂದು ನಿಮ್ಮ ತರಗತಿಯಲ್ಲೂ ಕೇಳಿ.