ಹಿತ್ತಿಲಲ್ಲಿಯೂ ಕುಂಡದಲ್ಲಿಯೂ ಸಬ್ಬಸಿಗೆ ಸೊಪ್ಪಿನ ಬೆಳೆ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಗಳ ಸಂತೆಗೆ ಬರುವ ಸೊಪ್ಪು ತರಕಾರಿಗಳಲ್ಲಿ ಬಹಳಷ್ಟು ಘಟ್ಟದ ಮೇಲಿನವು. 2019ನೆಯ ಇಸವಿಯ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ದಾರಿ ಮುಚ್ಚಿದುದನ್ನು ಬೆಳ್ತಂಗಡಿಯವರು ಮರೆತಿರಲಾರರು. ಆದುದರಿಂದ ಮನೆಗೆ ಬೇಕಾದಷ್ಟು ಸೊಪ್ಪನ್ನಾದರೂ ಮನೆಯಲ್ಲಿಯೇ ಬೆಳೆದುಕೊಳ್ಳುವುದು ಲೇಸು.

ಸಬ್ಬಸಿಗೆಯು ಕೊತ್ತಂಬರಿ, ಜೀರಿಗೆ, ಓಮಗಳ ಕುಟುಂಬಕ್ಕೆ ಸೇರಿದ ಗಿಡ. ಇದು ನಮ್ಮ ಮಣ್ಣಿಗೆ ಒಗ್ಗದೆಂಬ ಮಾತುಂಟು. ದೋಷವು ಮಣ್ಣಿನದಲ್ಲ, ಬಿತ್ತುವ ಕಾಲದ್ದು. ಈ ಲೇಖಕನೇ ಒಮ್ಮೆ ಮುಂಗಾರಿನ ಆರಂಭದಲ್ಲಿ ಸಮತಟ್ಟು ನೆಲದಲ್ಲಿ ಬಿತ್ತಿ, ಮೊಳೆತ ಸಸಿಗಳೆಲ್ಲವೂ ಬುಡ ಕೊಳೆತು ಬಿದ್ದುದನ್ನು ಕಂಡಿದ್ದಾನೆ. ವರ್ಷಕ್ಕೆ 3,500 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸೀಮೆಯಲ್ಲಿ ಈ ಎಳೆಯ ಕಾಂಡವು ನಿಂತ ನೀರನ್ನು ತಾಳಲಾರದು.

ಹಿತ್ತಿಲಿನಲ್ಲಿ ಬಿತ್ತಲು ದೀಪಾವಳಿಯ ನಂತರದ ದಿನಗಳು ಉತ್ತಮ. ಏಣಿಲು ಕೊಯ್ಲಾದ ಮಜಲು ಗದ್ದೆಯ ಮೂಲೆಯೂ ಆಗಬಹುದು. ನೆಲವನ್ನು ಪುಡಿಮಾಡಿ, ಹುಡಿಯಾದ ಹಟ್ಟಿಗೊಬ್ಬರವನ್ನೂ ಸ್ವಲ್ಪ ಸುಣ್ಣವನ್ನೂ ಬೆರೆಸಿ, ಅರ್ಧ ಅಡಿ ಎತ್ತರದ ಏರುಪಾತಿ ಮಾಡತಕ್ಕದ್ದು. ನಮ್ಮ ಮುರಕಲ್ಲು ಮಣ್ಣಿನ ಹುಳಿಯನ್ನು ಸುಣ್ಣವು ತಗ್ಗಿಸುವುದು. ಬೀಜವನ್ನು ಮರಳಿನೊಡನೆ ಬೆರೆಸಿ, ಒಂಬತ್ತು ಅಂಗುಲಕ್ಕೊಂದು ಸಾಲಿನಂತೆ ಕಾಲಂಗುಲ ಆಳದಲ್ಲಿ ಬಿತ್ತಿ, ತೆಳುವಾಗಿ ಬೈಹುಲ್ಲು ಹೊದಿಸಬೇಕು. ಏಳರಿಂದ ಹದಿನಾಲ್ಕು ದಿನಗಳಲ್ಲಿ ಮೊಳಕೆ ಕಾಣುವುದು. ಕೂಡಲೇ ಹುಲ್ಲನ್ನು ತೆಗೆಯಬೇಕು. ತಾಯಿಬೇರು ಉದ್ದವಾದುದರಿಂದ ಸಸಿಯನ್ನು ಕಿತ್ತು ನೆಟ್ಟರೆ ಸೊರಗುವುದು. ಆದುದರಿಂದ ಬೆಳೆಯುವ ಸ್ಥಳದಲ್ಲಿಯೇ ಬಿತ್ತತಕ್ಕದ್ದು. ಒತ್ತಾಗಿ ಹುಟ್ಟಿದವುಗಳನ್ನು ಕಿತ್ತು ಪಲ್ಯಕ್ಕೆ ಬಳಸಿ, ಗಿಡದಿಂದ ಗಿಡಕ್ಕೆ ನಾಲ್ಕಂಗುಲ ಬಿಡಬೇಕು.

ಮಳೆಗಾಲಕ್ಕೆ ಕುಂಡವೇ ಗತಿ. ಒಂದಡಿ ಆಳದ ಮಡಕೆಯಾಗಲಿ ಹಳೆಯ ಡಬ್ಬಿಯಾಗಲಿ ಸಾಕು; ತಳದಲ್ಲಿ ತೂತುಗಳಿರಬೇಕು. ಎರಡು ಪಾಲು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಮರಳು ತುಂಬಬೇಕು. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಚಪ್ಪರವು ಆ ತಿಂಗಳುಗಳಲ್ಲಿ ಬರಿದಾಗಿರುವುದಷ್ಟೆ. ಅದರ ಬದಿಗಳನ್ನು ಗಾಳಿಗೆ ತೆರೆದಿಟ್ಟು ಕುಂಡಗಳನ್ನು ಅದರಡಿ ಇಟ್ಟರೆ ಬೆಳಕು ದೊರೆಯುವುದು, ಮಳೆ ತಾಕದು.

ಸುಮಾರು ನಲವತ್ತು ದಿನಗಳಿಗೆ ಸೊಪ್ಪು ಕೊಯ್ಲಿಗೆ ಬರುವುದು. ಹದಿನೈದು ದಿನಕ್ಕೊಮ್ಮೆ ಒಂದೊಂದು ಸಾಲು ಬಿತ್ತುತ್ತ ಬಂದರೆ ಮನೆಗೆ ಸೊಪ್ಪಿನ ಕೊರತೆಯಾಗದು. ಹೇನು ಕಂಡರೆ ನೀರು ಚಿಮುಕಿಸಿ ತೊಳೆಯಬೇಕು. ಬಿಸಿಲು ಬಲಿತಂತೆ ಗಿಡವು ಬೇಗನೆ ಹೂ ಬಿಡುವುದು. ಆಗ ಪುಷ್ಟವಾದ ನಾಲ್ಕಾರು ಗಿಡಗಳನ್ನು ಬೀಜಕ್ಕಾಗಿ ಬಿಡತಕ್ಕದ್ದು. ತೆನೆ ಕಂದುಬಣ್ಣಕ್ಕೆ ತಿರುಗಿದೊಡನೆ ಬೆಳಿಗ್ಗೆ ಕೊಯ್ದು, ನೆರಳಿನಲ್ಲಿ ಬಟ್ಟೆಯ ಮೇಲೆ ಒಣಗಿಸಿ, ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು.

ಊರಿನ ಹಿರಿಯರೂ ಭೂಮಾಲಿಕರೂ ತಮ್ಮ ಹಿತ್ತಿಲಿನಲ್ಲಿ ಮೊದಲು ಒಂದು ಪಾತಿ ಮಾಡಿ ತೋರಿಸಿ, ಬಂದ ಬೀಜವನ್ನು ನೆರೆಹೊರೆಯವರಿಗೆ ಹಂಚಬೇಕೆಂದು ಕೋರಿಕೆ. ಕಣ್ಣಾರೆ ಕಂಡ ಬೆಳೆಗಿಂತ ಮಿಗಿಲಾದ ಉಪದೇಶವಿಲ್ಲ.