ನೆಟ್ಟಗಾದ ಬದು, ವಾಲಿದ ಗುಮ್ಮಟ

ವಿಜಯಪುರದ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ಮೂರೂವರೆ ಶತಮಾನದಿಂದ ಕದಲದೆ ನಿಂತಿದೆ. ಆದರೆ 2005ರ ಮೇ 5ರಂದು ಶ್ರೀಹರಿಕೋಟಾದಿಂದ ಹಾರಿದ ಕಾರ್ಟೊಸ್ಯಾಟ್-1 ಉಪಗ್ರಹದ ಮುಂಗಣ್ಣಿಗೆ ಅದು ವಾಲಿದ ಕಟ್ಟಡವಾಗಿತ್ತು. ಆ ಕ್ಯಾಮೆರಾ ನೆಟ್ಟಗೆ ಕೆಳಗೆ ನೋಡುತ್ತಿರಲಿಲ್ಲ, 26 ಡಿಗ್ರಿ ಮುಂದಕ್ಕೆ ಓರೆಗಣ್ಣು ಬಿಡುತ್ತಿತ್ತು. ಹಾಗಾಗಿ ಚಿತ್ರದಲ್ಲಿ ಗುಮ್ಮಟದ ಬುಡ ಒಂದು ಕಡೆ, ನೆತ್ತಿ 25 ಮೀಟರಿಗೂ ಹೆಚ್ಚು ಆಚೆ. ಸುಮಾರು 52 ಸೆಕೆಂಡು ಕಳೆದು ಹಿಂಗಣ್ಣು 5 ಡಿಗ್ರಿ ಹಿಂದಕ್ಕೆ ನೋಡಿದಾಗ ಅದೇ ನೆತ್ತಿ ಎದುರು ದಿಕ್ಕಿಗೆ ವಾಲಿರುತ್ತಿತ್ತು.

ಗುಮ್ಮಟ ಬಿಡಿ, ಊರಿಗೆ ಊರೇ ಜಾರುತ್ತದೆ. ವಿಜಯಪುರ ಇರುವುದು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಮೇಲೆ. ಅದನ್ನು ಮರೆತು ಈ ಓರೆಚಿತ್ರವನ್ನು ನಕಾಶೆಯ ಮೇಲೆ ಹಾಸಿದರೆ ಎಲ್ಲವೂ ಹತ್ತಿರಹತ್ತಿರ 300 ಮೀಟರ್ ಸರಿಯುತ್ತದೆ. 33 ಅಡಿಯ ಮೋಜಣಿ ಸರಪಳಿಯಲ್ಲಿ ಅಳೆದರೆ 30 ಸರಪಳಿ. ಚೌಕವಾದ ಎರಡೆಕರೆಯ ಮಗ್ಗಲು 90 ಮೀಟರ್. ಅಂದರೆ ಪಕ್ಕದ ತಿಕೋಟಾದ ದ್ರಾಕ್ಷಿ ಪಡ ಮೂರು ಹೊಲ ದಾಟಿ ಇನ್ನೊಬ್ಬರ ಎರಿಯಲ್ಲಿ ಬೀಳುತ್ತದೆ. ಇಡೀ ಸೀಮೆಗೆ ಒಂದೇ ಎತ್ತರ ಕೊಟ್ಟರೂ ಸಾಲದು. ಮಡ್ಡಿಗೂ ಹಳ್ಳದ ದಂಡೆಗೂ 10 ಮೀಟರ್ ಏರಿಳಿತವಿದ್ದರೆ ಬದು 5 ಮೀಟರ್ ಜಾರಿತು. ಒಂದು ಗೇಣು ಬದುವಿಗೆ ಕೋರ್ಟು ಹತ್ತುವ ಅಣ್ಣತಮ್ಮಂದಿರಿಗೆ ಇದು ಸಣ್ಣ ಮಾತಲ್ಲ.

ಈ ಜಾರಿದ್ದನ್ನು ಜಾಗಕ್ಕೆ ಕೂರಿಸುವ ಕೆಲಸವೇ ಆರ್ಥೊರೆಕ್ಟಿಫಿಕೇಶನ್. ಮೊದಲೇ ನೆಟ್ಟಗೆ ಮಾಡಿ ಕೂಡಿಡುವುದು ಹಳೆಯ ಪದ್ಧತಿ. ನೋಡುವ ಹೊತ್ತಿಗೆ, ನೋಡುವಷ್ಟನ್ನೇ ನೆಟ್ಟಗೆ ಮಾಡುವುದು ಇನ್ನೊಂದು. ಅದಕ್ಕೆ ತೆರೆಯ ಪ್ರತಿ ಚುಕ್ಕೆಯನ್ನೂ ಕೇಳಬೇಕು: ನೀನು ಯಾವ ನೆಲ? ಅಲ್ಲಿನ ಎತ್ತರವೆಷ್ಟು? ಓರೆಚಿತ್ರದಲ್ಲಿ ನಿನ್ನ ಬಣ್ಣ ಎಲ್ಲಿದೆ? ಎತ್ತರ ಹೇಳುವುದು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯೊಂದು 11 ದಿನದಲ್ಲಿ ಅಳೆದ ನಕಾಶೆ. ಅದರಲ್ಲಿ ಸುಮಾರು 9 ಗುಂಟೆಗೆ ಒಂದು ಎತ್ತರ. ಬಣ್ಣದ ಜಾಗ ಹೇಳುವುದು ನಾಲ್ಕು ಬಹುಪದೋಕ್ತಿಗಳ 80 ಗುಣಾಂಕ.

ಈಗ ಗುಣಿಸಿ. 1920×1080ರ ತೆರೆಯಲ್ಲಿ 20,73,600 ಚುಕ್ಕೆ. ಚುಕ್ಕೆಗೆ 80ರಂತೆ 16 ಕೋಟಿ 58 ಲಕ್ಷ ಗುಣಾಕಾರ, ಅದೂ ಒಂದೇ ನೋಟಕ್ಕೆ. ಚಿತ್ರವನ್ನು ತಿಕೋಟಾದಿಂದ ಅದೇ ಸೀಮೆಯ ಬಬಲೇಶ್ವರದ ಕಡೆ ಎಳೆದರೆ, ಸೆಕೆಂಡಿಗೆ 30 ನೋಟದಂತೆ, ಸುಮಾರು 500 ಕೋಟಿ. ಇದಕ್ಕೊಂದು ಜಾಣತನವಿದೆ: ಅಡ್ಡಕ್ಕೂ ಉದ್ದಕ್ಕೂ 16 ಚುಕ್ಕೆಗೊಂದು ಗೂಟ ನೆಟ್ಟು, ಗೂಟಗಳಿಗೆ ಮಾತ್ರ ಪೂರ್ತಿ ಲೆಕ್ಕ ಮಾಡಿ, ನಡುವಿನದ್ದನ್ನು ಅಂದಾಜಿನಲ್ಲಿ ತುಂಬುವುದು. ಆಗ ಸುಮಾರು 8,300 ಗೂಟ ಸಾಕು. ಒಂದು ನೋಟದ 16 ಕೋಟಿಯ ಲೆಕ್ಕ ಏಳು ಲಕ್ಷದೊಳಗೆ ಇಳಿಯುತ್ತದೆ.

ಇಷ್ಟು ಹಟ ಯಾಕೆ? 1988ರ ಐಆರ್‌ಎಸ್-1ಎ ಉಪಗ್ರಹದ ಲಿಸ್-1 ಕ್ಯಾಮೆರಾಗೆ ಒಂದು ಚುಕ್ಕೆಯೆಂದರೆ 72.5 ಮೀಟರ್ ಚೌಕ, ಅಂದರೆ 1 ಎಕರೆ 12 ಗುಂಟೆ. ಕಾರ್ಟೊಸ್ಯಾಟ್-1ರಲ್ಲಿ ಗುಂಟೆಗೆ 16 ಚುಕ್ಕೆ. 2019ರ ಕಾರ್ಟೊಸ್ಯಾಟ್-3ರಲ್ಲಿ ಸುಮಾರು 1,300. ಅಂದು 5 ಮೀಟರ್ ತಪ್ಪು ಒಂದು ಚುಕ್ಕೆಯೊಳಗೇ ಅಡಗುತ್ತಿತ್ತು. ಇಂದು ಅದು 18 ಚುಕ್ಕೆ ಉದ್ದ ಎದ್ದು ಕಾಣುತ್ತದೆ.

ಇಷ್ಟೆಲ್ಲ ಆದ ಮೇಲೆ ಬಬಲೇಶ್ವರದ ಬದು ತನ್ನ ಜಾಗಕ್ಕೆ ಬಂದು ಕೂರುತ್ತದೆ. ಗುಮ್ಮಟ ಮಾತ್ರ ವಾಲಿಯೇ ಇರುತ್ತದೆ. ನೆಲದ ಎತ್ತರ ಗೊತ್ತಿದ್ದ ಲೆಕ್ಕಕ್ಕೆ, ಆ ನೆಲದ ಮೇಲೆ ಆದಿಲ್‌ಶಾಹಿಗಳು ಪೇರಿಸಿದ 51 ಮೀಟರನ್ನು ಯಾರೂ ಹೇಳಿರಲಿಲ್ಲ.